ತೂಬಿನ ಲೆಕ್ಕ ಮತ್ತು ಮಡಿಯ ಹದ: ಸಿರೆಯ ಮೂಲಕ ನೀಡುವ ಅರಿವಳಿಕೆಯ ಕಂಪ್ಯೂಟರ್ ತಂತ್ರಾಂಶ – ಒಂದು ಜಾನಪದೀಯ ವಿವೇಚನೆ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪರಿಸರದ ಆಡುಮಾತಿನಲ್ಲಿ ಅರಿವಳಿಕೆಗೆ ಒಂದೇ ಹೆಸರಿಲ್ಲ. ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರು ‘ಮತ್ತಿನ ಸೂಜಿ ಹಾಕಿದ್ರು’ ಎನ್ನುತ್ತಾರೆ. ಹೆರಿಗೆಯ ಆಪರೇಷನ್ ಆದ ಹೆಂಗಸರು ‘ಬೆನ್ನಿಗೆ ಸೂಜಿ ಕೊಟ್ರು, ಸೊಂಟದ ಕೆಳಗೆ ಜೋಮು ಹಿಡೀತು’ ಎನ್ನುತ್ತಾರೆ. ಹಲ್ಲು ಕೀಳಿಸಿಕೊಂಡವರ ದವಡೆ ‘ಮರಗಟ್ಟಿರುತ್ತದೆ’. ಮತ್ತು, ಮಂಪರು, ಜೋಮು, ಮರಗಟ್ಟುವುದು, ಎಚ್ಚರ ತಪ್ಪುವುದು ಇವು ಮೇಲ್ನೋಟಕ್ಕೆ ಸಮಾನಾರ್ಥಕಗಳಂತೆ ಕಂಡರೂ ಬಳಕೆಯಲ್ಲಿ ಹಾಗಲ್ಲ. ಜೋಮು ಕೈಕಾಲಿಗೆ ಸೇರಿದ್ದು, ಮತ್ತು ತಲೆಗೆ ಸೇರಿದ್ದು, ಎಚ್ಚರ ತಪ್ಪುವುದು ಇಡೀ ಮನುಷ್ಯನಿಗೆ ಸೇರಿದ್ದು. ಶಿಷ್ಟ ಕನ್ನಡವು ಇವೆಲ್ಲವನ್ನೂ ‘ಅರಿವಳಿಕೆ’ ಎಂಬ ಒಂದು ಪದದೊಳಗೆ ಅಡಕಗೊಳಿಸಿತು. ಪದ ಸೊಗಸಾಗಿದೆ, ಆದರೆ ಜನರ ಮಾತಿನಲ್ಲಿದ್ದ ವಿಂಗಡಣೆ ಅದರಲ್ಲಿ ಮರೆಯಾಯಿತು. ಸೋಜಿಗವೆಂದರೆ, ಆಧುನಿಕ ವೈದ್ಯಕೀಯವು ಅದೇ ವಿಂಗಡಣೆಗೆ ಬೇರೊಂದು ದಾರಿಯಿಂದ ಬಂದು ಸೇರಿದೆ. ಎಚ್ಚರವನ್ನು ತಗ್ಗಿಸುವ ಔಷಧ ಬೇರೆ, ನೋವಿನ ಸುದ್ದಿಯನ್ನು ತಡೆಯುವ ಔಷಧ ಬೇರೆ, ಸ್ನಾಯುಗಳನ್ನು ಸಡಿಲಗೊಳಿಸುವ ಔಷಧ ಬೇರೆ ಎಂಬುದು ಇಂದಿನ ಅರಿವಳಿಕೆ ಶಾಸ್ತ್ರದ ತಳಹದಿ.

ನೋವು ಬೇರೆ, ನೋವಿನ ಅರಿವು ಬೇರೆ ಎಂಬ ತಿಳಿವಳಿಕೆ ಜನಪದರಲ್ಲಿ ಹಳೆಯದು. ಹಚ್ಚೆ ಹೊಯ್ಯುವ ಕೊರವಂಜಿಯರು ಸೂಜಿ ಚುಚ್ಚುತ್ತಲೇ ಹಾಡು ಹೇಳುವುದು ಕೇವಲ ರಂಜನೆಗಲ್ಲ. ಹುಡುಗಿಯ ಗಮನವನ್ನು ತೋಳಿನಿಂದ ತವರಿನ ಕಡೆಗೋ ಮದುವೆಯ ಕಡೆಗೋ ಹೊರಳಿಸುವುದಕ್ಕೆ. ಆದರೆ ಹಾಡಿನಿಂದ ಹಚ್ಚೆ ಹೊಯ್ಯಬಹುದು, ಹೊಟ್ಟೆ ಕೊಯ್ಯಲಾಗದು. ಅಲ್ಲಿ ಮದ್ದು ಬೇಕು, ಮದ್ದಿಗೆ ಅಳತೆ ಬೇಕು. ಕಡಿಮೆಯಾದರೆ ರೋಗಿ ಕತ್ತರಿಯ ಕೆಳಗೆ ಎಚ್ಚರಗೊಳ್ಳುತ್ತಾನೆ. ಹೆಚ್ಚಾದರೆ ಉಸಿರು ನಿಲ್ಲುತ್ತದೆ, ರಕ್ತದ ಒತ್ತಡ ಕುಸಿಯುತ್ತದೆ. ಈ ಎರಡರ ನಡುವಿನ ಕಿರಿದಾದ ದಾರಿಯಲ್ಲಿ ಔಷಧವನ್ನು ನಿಮಿಷ ನಿಮಿಷಕ್ಕೂ ಲೆಕ್ಕ ಹಾಕಿ ಸಿರೆಯೊಳಕ್ಕೆ ಬಿಡುವ ಕಂಪ್ಯೂಟರ್ ತಂತ್ರಾಂಶವೇ ಪ್ರಸ್ತುತ ಲೇಖನದ ವಿಷಯ. ಈ ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆ, ಅದಕ್ಕೆ ಏನು ತಿಳಿದಿದೆ, ಏನು ತಿಳಿದಿಲ್ಲ ಎಂಬುದನ್ನು ತುಂಗಭದ್ರೆಯ ದಡದ ನೀರಾವರಿಯ ಮಾತಿನಲ್ಲಿಯೇ ವಿವರಿಸಬಹುದು. ಮಾತ್ರವಲ್ಲ, ಹಾಗೆ ವಿವರಿಸಿದಾಗಲೇ ಅದರ ಮುಖ್ಯ ಕೊರತೆಯೊಂದು ಎದ್ದು ಕಾಣುತ್ತದೆ.

ಅಳತೆಯ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊಸಪೇಟೆ, ಹಂಪಿ, ಕಂಪ್ಲಿಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಹೊಳೆಯ ಆಚೆ ದಡದ ಆನೆಗೊಂದಿ, ಗಂಗಾವತಿಗಳು ನಿಜಾಮನ ಹೈದರಾಬಾದಿಗೆ ಸೇರಿದ್ದವು. ಆ ಆಚೆ ದಡದ ರಾಜ್ಯದ ರಾಜಧಾನಿಯಲ್ಲಿಯೇ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ನಡೆದವು. ಎಡ್ವರ್ಡ್ ಲಾರಿ ಎಂಬ ವೈದ್ಯ ಅವುಗಳ ಮುಂದಾಳು. ಎರಡನೆಯ ಆಯೋಗಕ್ಕೆ ನಿಜಾಮ ಮೀರ್ ಮೆಹಬೂಬ್ ಅಲಿ ಖಾನ್ 1,000 ಪೌಂಡ್ ನೀಡಿದ. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಲಾಡರ್ ಬ್ರಂಟನ್ ಅವರನ್ನು ಕಳುಹಿಸಿತು. ಕ್ಲೋರೋಫಾರ್ಮ್ ಕೊಡುವಾಗ ನಾಡಿಯನ್ನು ನೋಡಬೇಕೆ, ಉಸಿರನ್ನು ನೋಡಬೇಕೆ ಎಂಬುದು ಅಲ್ಲಿನ ವಾದ. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದ ಆಯೋಗ, ಉಸಿರನ್ನು ಕಾದರೆ ಸಾಕು, ಹೃದಯಕ್ಕೆ ನೇರ ಅಪಾಯವಿಲ್ಲ ಎಂದು ತೀರ್ಮಾನಿಸಿತು. ಆ ತೀರ್ಮಾನ ನಿಲ್ಲಲಿಲ್ಲ. ಕಡಿಮೆ ಪ್ರಮಾಣದ ಕ್ಲೋರೋಫಾರ್ಮ್ ಕೂಡ ಹೃದಯದ ಲಯವನ್ನು ಕೆಡಿಸಿ ಕೊಲ್ಲಬಲ್ಲದೆಂದು 1911ರಲ್ಲಿ ಲೆವಿ ತೋರಿಸಿಕೊಟ್ಟರು. ಅದೇ ಕಾಲದಲ್ಲಿ ಹೈದರಾಬಾದಿನಲ್ಲಿ ಕ್ಲೋರೋಫಾರ್ಮ್ ನೀಡುತ್ತಿದ್ದ ರೂಪಾಬಾಯಿ ಫರ್ದೂನ್‌ಜಿ ಈ ವೃತ್ತಿಯ ಮೊದಲ ಮಹಿಳೆಯರಲ್ಲಿ ಒಬ್ಬರು. ಇಲ್ಲಿ ಗಮನಿಸಬೇಕಾದುದು ಇಷ್ಟೇ: ಮದ್ದು ಎಷ್ಟು ಎಂಬ ಪ್ರಶ್ನೆಯೊಂದಿಗೆ, ಅದನ್ನು ಕೊಡುವಾಗ ಏನನ್ನು ನೋಡುತ್ತಿರಬೇಕು ಎಂಬ ಪ್ರಶ್ನೆಯೂ ಮೊದಲಿನಿಂದಲೇ ಹೆಣೆದುಕೊಂಡು ಬಂದಿದೆ.

ಉಸಿರಿನ ಮೂಲಕ ಒಳಹೋಗುವ ಆವಿಗೆ ಒಂದು ಅನುಕೂಲವಿದೆ. ಹೊರಬರುವ ಉಸಿರಿನಲ್ಲಿ ಅದರ ಪ್ರಮಾಣವನ್ನು ಯಂತ್ರ ಅಳೆಯಬಲ್ಲದು. ಸಿರೆಗೆ ಚುಚ್ಚಿದ ಔಷಧಕ್ಕೆ ಆ ಅನುಕೂಲವಿಲ್ಲ; ಒಮ್ಮೆ ರಕ್ತಕ್ಕೆ ಸೇರಿದ ಮೇಲೆ ಅದೆಲ್ಲಿದೆ, ಎಷ್ಟಿದೆ ಎಂದು ಶಸ್ತ್ರಚಿಕಿತ್ಸೆಯ ಮೇಜಿನ ಬಳಿಯೇ ತಿಳಿಯುವ ಸುಲಭ ಉಪಾಯವಿಲ್ಲ. 1934ರಲ್ಲಿ ಬಳಕೆಗೆ ಬಂದ ಥಯೊಪೆಂಟಾಲ್ ರೋಗಿಯನ್ನು ಕ್ಷಣಾರ್ಧದಲ್ಲಿ ಮಲಗಿಸುತ್ತಿತ್ತು, ಆದರೆ ಮತ್ತೆ ಮತ್ತೆ ಕೊಟ್ಟರೆ ಮೈಯಲ್ಲಿ ಸಂಗ್ರಹವಾಗಿ ಎಚ್ಚರ ಬಹಳ ತಡವಾಗುತ್ತಿತ್ತು. ಈ ತೊಡಕನ್ನು ಬಹುಮಟ್ಟಿಗೆ ನೀಗಿದ್ದು ಪ್ರೊಪೊಫಾಲ್. ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ 1970ರ ದಶಕದಲ್ಲಿ ಇದನ್ನು ಗುರುತಿಸಿ ಬೆಳೆಸಿದವರು ಜಾನ್ ಬೇರ್ಡ್ ಗ್ಲೆನ್. ಅವರು ಪಶುವೈದ್ಯರು ಎಂಬುದು ನೆನಪಿಡತಕ್ಕ ಸಂಗತಿ. ಬ್ರಿಟನ್ನಿನಲ್ಲಿ 1986ರಲ್ಲಿ ಬಳಕೆಗೆ ಬಂದ ಈ ಔಷಧಕ್ಕಾಗಿ ಅವರಿಗೆ 2018ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು. ನೀರಿನಲ್ಲಿ ಕರಗದ ಈ ಔಷಧವನ್ನು ಸೋಯಾ ಎಣ್ಣೆ ಮತ್ತು ಮೊಟ್ಟೆಯ ಲೆಸಿಥಿನ್ನಿನೊಂದಿಗೆ ಬೆರೆಸಿರುವುದರಿಂದ ಅದು ಹಾಲಿನಂತೆ ಬೆಳ್ಳಗಿರುತ್ತದೆ.

ಪ್ರೊಪೊಫಾಲ್ ಬೇಗ ಇಳಿಯುತ್ತದೆ. ಆದ್ದರಿಂದಲೇ ಅದನ್ನು ಎಡೆಬಿಡದೆ ಕೊಡುತ್ತಿರಬೇಕು. ಎಷ್ಟು ವೇಗದಲ್ಲಿ ಎಂಬುದನ್ನು ತಿಳಿಯಲು ಒಂದು ಕೆರೆಯನ್ನು ಕಲ್ಪಿಸಿಕೊಳ್ಳಬೇಕು. ಹಂಪಿಯ ರಾಜಪ್ರಾಂಗಣದಲ್ಲಿ ಕಲ್ಲಿನ ಕಾಲುವೆಗಳು ನೀರನ್ನು ಕೊಳಕ್ಕೆ ಒಯ್ಯುವ ಏರ್ಪಾಟನ್ನು ಕಂಡವರಿಗೆ ಈ ಕಲ್ಪನೆ ಕಷ್ಟವಲ್ಲ. ನಡುವೆ ಒಂದು ಕೆರೆ, ಅದು ರಕ್ತ. ಅದರ ಪಕ್ಕದಲ್ಲಿ ಅಗಲವಾದ ಕಾಲುವೆಯಿಂದ ಕೂಡಿಕೊಂಡ ಒಂದು ಹೊಂಡ. ಅದು ರಕ್ತಸಂಚಾರ ಹೆಚ್ಚಿರುವ ಸ್ನಾಯು ಮುಂತಾದ ಭಾಗಗಳು. ಇನ್ನೊಂದು ಪಕ್ಕದಲ್ಲಿ ಬಹು ದೊಡ್ಡ ಹೊಂಡ, ಆದರೆ ಅದಕ್ಕೆ ಹೋಗುವ ಕಾಲುವೆ ಕಿರಿದು, ಅದು ಕೊಬ್ಬು. ಕೆರೆಗೆ ಒಂದು ಕೋಡಿಯೂ ಇದೆ. ಮುಖ್ಯವಾಗಿ ಯಕೃತ್ತು ಔಷಧವನ್ನು ಒಡೆದು ಹೊರಹಾಕುವುದೇ ಆ ಕೋಡಿ. ಕೆರೆಯ ನೀರು ಒಂದೇ ಮಟ್ಟದಲ್ಲಿ ನಿಲ್ಲಬೇಕಾದರೆ ಮೊದಲು ಕೆರೆಯನ್ನು ಒಂದೇ ಸಲ ತುಂಬಬೇಕು. ಆಮೇಲೆ ಎರಡು ಹೊಂಡಗಳು ಎಳೆದುಕೊಳ್ಳುವಷ್ಟು ಮತ್ತು ಕೋಡಿಯಲ್ಲಿ ಹರಿದು ಹೋಗುವಷ್ಟು ನೀರನ್ನು ಬಿಡುತ್ತಿರಬೇಕು. ಹೊಂಡಗಳು ತುಂಬುತ್ತಾ ಬಂದಂತೆ ಅವುಗಳ ಸೆಳೆತ ಕುಂದುತ್ತದೆ. ಆದ್ದರಿಂದ ಬಿಡುವ ನೀರನ್ನೂ ತಗ್ಗಿಸುತ್ತಾ ಬರಬೇಕು. ತೂಬನ್ನು ಪೂರ್ತಿ ಮುಚ್ಚಿದಾಗ ಹೊಂಡದ ನೀರು ಕೆರೆಗೆ ಹಿಮ್ಮರಳುತ್ತದೆ. ನಾಲ್ಕು ತಾಸಿನ ಶಸ್ತ್ರಚಿಕಿತ್ಸೆಯ ನಂತರ ರೋಗಿಯ ಎಚ್ಚರ ಅರ್ಧ ತಾಸಿನ ಶಸ್ತ್ರಚಿಕಿತ್ಸೆಗಿಂತ ತಡವಾಗುವುದು ಇದರಿಂದಲೇ.

ಇನ್ನೊಂದು ಸಂಗತಿ ಉಳಿಯಿತು. ಔಷಧ ಕೆಲಸ ಮಾಡಬೇಕಾದುದು ಮಿದುಳಿನಲ್ಲಿ. ಅದು ಕಾಲುವೆಯ ಕೊನೆಯಲ್ಲಿರುವ ಪುಟ್ಟ ಸಸಿಮಡಿ ಇದ್ದಂತೆ. ಕೆರೆಯ ಲೆಕ್ಕದಲ್ಲಿ ಅದು ಕುಡಿಯುವ ನೀರು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಆದರೆ ಎಲ್ಲ ಏರ್ಪಾಟು ಅದಕ್ಕಾಗಿಯೇ. ತೂಬು ಎತ್ತಿದ ಕೂಡಲೆ ಮಡಿಗೆ ನೀರು ತಲುಪುವುದಿಲ್ಲ, ತೂಬು ಮುಚ್ಚಿದ ಕೂಡಲೆ ಮಡಿ ಒಣಗುವುದೂ ಇಲ್ಲ. ಈ ವಿಳಂಬವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಕಂಪ್ಯೂಟರ್ ಬರುವ ಮೊದಲು, ಮತ್ತು ಬಂದ ಮೇಲೂ ಅದಿಲ್ಲದ ಕಡೆಗಳಲ್ಲಿ, ವೈದ್ಯರು ಈ ಲೆಕ್ಕವನ್ನು ಬಾಯಿಪಾಠದ ಸೂತ್ರವೊಂದರಲ್ಲಿ ಹಿಡಿದಿಟ್ಟರು. 1988ರಲ್ಲಿ ಬ್ರಿಸ್ಟಲ್ಲಿನ ವೈದ್ಯರು ಪ್ರಕಟಿಸಿದ ಕ್ರಮ ಅದು: ಮೊದಲು ದೇಹತೂಕದ ಪ್ರತಿ ಕಿಲೋಗ್ರಾಮಿಗೆ 1 ಮಿಲಿಗ್ರಾಂ, ಆಮೇಲೆ ತಾಸಿಗೆ ಪ್ರತಿ ಕಿಲೋಗ್ರಾಮಿಗೆ 10 ಮಿಲಿಗ್ರಾಮಿನಂತೆ ಹತ್ತು ನಿಮಿಷ, 8ರಂತೆ ಹತ್ತು ನಿಮಿಷ, ಬಳಿಕ 6ರಂತೆ ಕೊನೆಯವರೆಗೆ. ರಕ್ತದ ಪ್ರತಿ ಮಿಲಿಲೀಟರಿನಲ್ಲಿ ಸುಮಾರು 3 ಮೈಕ್ರೋಗ್ರಾಂ ಔಷಧ ನಿಲ್ಲಲಿ ಎಂಬುದು ಅದರ ಗುರಿ. ‘ಹತ್ತು, ಎಂಟು, ಆರು’ ಎಂದು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ದಾಟುವ ಈ ಸೂತ್ರ, ರೂಪದಲ್ಲಿಯೂ ಪ್ರಸರಣದಲ್ಲಿಯೂ ಗಾದೆಯ ಜಾತಿಗೇ ಸೇರಿದ್ದು. ಮೌಖಿಕ ಪರಂಪರೆ ಹಳ್ಳಿಗಳಲ್ಲಿ ಮಾತ್ರ ಇದೆಯೆಂದು ನಂಬಿರುವ ಅಧ್ಯಯನಕಾರರು ಒಮ್ಮೆ ಶಸ್ತ್ರಚಿಕಿತ್ಸಾ ಕೊಠಡಿಯ ಕಡೆಗೂ ನೋಡುವುದು ಒಳ್ಳೆಯದು.

ಸೂತ್ರಕ್ಕೆ ಒಂದೇ ಗುರಿ ಗೊತ್ತು. ಶಸ್ತ್ರಚಿಕಿತ್ಸೆಯ ನಡುವೆ ಮಟ್ಟವನ್ನು 3ರಿಂದ 4ಕ್ಕೆ ಏರಿಸಬೇಕಾದರೆ, ಮತ್ತೆ 2ಕ್ಕೆ ಇಳಿಸಬೇಕಾದರೆ ಹೊಂಡಗಳಲ್ಲಿ ಆ ಹೊತ್ತಿಗೆ ಎಷ್ಟು ತುಂಬಿದೆ ಎಂಬ ಲೆಕ್ಕ ಬೇಕು. ಆ ಲೆಕ್ಕ ಮನುಷ್ಯನ ತಲೆಯಲ್ಲಿ ನಿಲ್ಲುವಂಥದ್ದಲ್ಲ. 1968ರಲ್ಲಿ ಕ್ರೂಗರ್-ಥೀಮರ್ ಇದರ ಗಣಿತವನ್ನು ಬರೆದಿಟ್ಟಿದ್ದರು. 1980ರ ದಶಕದ ಆರಂಭದಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಶ್ವಿಲ್ಡನ್, ಶೂಟ್ಲರ್ ಮತ್ತು ಸಂಗಡಿಗರು ಕಂಪ್ಯೂಟರನ್ನು ಸಿರಿಂಜ್ ಪಂಪಿಗೆ ಜೋಡಿಸಿ ಅದನ್ನು ಆಚರಣೆಗೆ ತಂದರು. ಅಲ್ಲಿಂದ ಮುಂದೆ ಒಂದು ಪೀಳಿಗೆಯ ತಂತ್ರಾಂಶಗಳು ವಿಶ್ವವಿದ್ಯಾಲಯಗಳಲ್ಲಿ ಹುಟ್ಟಿದವು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಸ್ಟೀವನ್ ಶೇಫರ್ ಬರೆದ ‘ಸ್ಟ್ಯಾನ್‌ಪಂಪ್’, ದಕ್ಷಿಣ ಆಫ್ರಿಕದ ಸ್ಟೆಲೆನ್‌ಬಾಷ್‌ನಲ್ಲಿ ರೂಪುಗೊಂಡ ‘ಸ್ಟೆಲ್‌ಪಂಪ್’, ಡ್ಯೂಕ್ ವಿಶ್ವವಿದ್ಯಾಲಯದ ವ್ಯವಸ್ಥೆ, ಗ್ಲಾಸ್ಗೋದಲ್ಲಿ ಗೇವಿನ್ ಕೆನ್ನಿ ಮತ್ತು ಸಂಗಡಿಗರ ವ್ಯವಸ್ಥೆ ಇವು ಮುಖ್ಯವಾದವು. ಸ್ಟ್ಯಾನ್‌ಪಂಪನ್ನು ಶೇಫರ್ ಉಚಿತವಾಗಿ ಹಂಚಿದರು. 1996ರಲ್ಲಿ ಗ್ಲಾಸ್ಗೋದ ಕೆಲಸವನ್ನು ಆಧರಿಸಿ ‘ಡಿಪ್ರಿಫ್ಯೂಸರ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ವ್ಯವಸ್ಥೆ ಮಾತ್ರ ಕಂಪನಿಯ ಗುರುತುಪಟ್ಟಿಯಿದ್ದ, ಮೊದಲೇ ತುಂಬಿಟ್ಟ ಸಿರಿಂಜನ್ನಷ್ಟೇ ಒಪ್ಪುತ್ತಿತ್ತು. ಆನಂತರದ ಪಂಪುಗಳು ಈ ಕಟ್ಟನ್ನು ಬಿಟ್ಟವು. 1997ರಲ್ಲಿ ಈ ಕ್ಷೇತ್ರದ ಪ್ರಮುಖರು ಸೇರಿ ಈ ಪದ್ಧತಿಗೆ ‘ಗುರಿ ನಿಯಂತ್ರಿತ ಒಳಹರಿವು’ ಎಂಬರ್ಥದ ಒಂದೇ ಹೆಸರನ್ನು ಸೂಚಿಸಿದರು. ಯೂರೋಪು, ಏಷ್ಯಾಗಳಲ್ಲಿ ಹರಡಿದ ಈ ಪಂಪುಗಳಿಗೆ ಅಮೆರಿಕದಲ್ಲಿ ಮಾತ್ರ ದಶಕಗಳ ಕಾಲ ಅನುಮತಿ ದೊರೆಯಲಿಲ್ಲ.

ಇಲ್ಲಿ ಪಾಠಾಂತರದ ಪ್ರಶ್ನೆ ಬರುತ್ತದೆ. ಕುಮಾರರಾಮನ ಕಥೆಗೆ ಕಂಪ್ಲಿಯ ಸುತ್ತ ಒಂದೇ ಪಾಠವಿಲ್ಲದಿರುವಂತೆ ಪ್ರೊಪೊಫಾಲ್‌ನ ಗಣಿತಕ್ಕೂ ಒಂದೇ ಪಾಠವಿಲ್ಲ. 1991ರ ಮಾರ್ಷ್ ಮಾದರಿ ಮತ್ತು 1998ರ ಷ್ನೈಡರ್ ಮಾದರಿ ಇವೆರಡೂ ಬಹುಕಾಲದಿಂದ ಪಂಪುಗಳಲ್ಲಿ ಜೊತೆಜೊತೆಯಾಗಿ ಇವೆ. ಮಾರ್ಷ್ ಮಾದರಿಯಲ್ಲಿ ನಡುವಿನ ಕೆರೆಯ ಗಾತ್ರ ತೂಕಕ್ಕೆ ತಕ್ಕಂತೆ, ಪ್ರತಿ ಕಿಲೋಗ್ರಾಮಿಗೆ 0.228 ಲೀಟರ್. 70 ಕಿಲೋ ತೂಕದವರಿಗೆ ಅದು ಸುಮಾರು 16 ಲೀಟರ್ ಆಗುತ್ತದೆ. ಷ್ನೈಡರ್ ಮಾದರಿಯಲ್ಲಿ ಅದು ಯಾರಿಗೇ ಆಗಲಿ 4.27 ಲೀಟರ್. ರಕ್ತದಲ್ಲಿ 4 ಮೈಕ್ರೋಗ್ರಾಂ ಎಂಬ ಒಂದೇ ಗುರಿಯನ್ನು ಎರಡರಲ್ಲಿಯೂ ಕೊಟ್ಟರೆ ಕೆರೆ ತುಂಬುವ ಮೊದಲ ಪಾಲು ಒಂದರಲ್ಲಿ ಸುಮಾರು 64 ಮಿಲಿಗ್ರಾಂ, ಇನ್ನೊಂದರಲ್ಲಿ ಸುಮಾರು 17 ಮಿಲಿಗ್ರಾಂ. ಔಷಧ ಒಂದೇ, ರೋಗಿ ಒಬ್ಬನೇ, ಪರದೆಯ ಮೇಲಿನ ಅಂಕಿಯೂ ಒಂದೇ. ಸಿರೆಯೊಳಗೆ ಹೋಗುವುದು ಮಾತ್ರ ನಾಲ್ಕು ಪಟ್ಟು ಬೇರೆ. ಆದ್ದರಿಂದ ಷ್ನೈಡರ್ ಪಾಠವನ್ನು ಬಳಸುವವರು ಸಾಮಾನ್ಯವಾಗಿ ರಕ್ತವನ್ನು ಗುರಿಯಾಗಿಸದೆ ಮಿದುಳನ್ನು ಗುರಿಯಾಗಿಸುತ್ತಾರೆ. ಜಾನಪದದಲ್ಲಿ ಪಾಠಾಂತರ ಸಂಪತ್ತು. ಇಲ್ಲಿ ಅದು, ಯಾವ ಪಾಠವೆಂದು ನೋಡಿಕೊಳ್ಳದವರ ಕೈಯಲ್ಲಿ, ಗಂಡಾಂತರ. ಈ ಗೊಂದಲವನ್ನು ಕಳೆಯಲು 2018ರಲ್ಲಿ ಎಲೆವೆಲ್ಡ್ ಮತ್ತು ಸಂಗಡಿಗರು 30 ಅಧ್ಯಯನಗಳ 1,033 ವ್ಯಕ್ತಿಗಳ ದತ್ತಾಂಶವನ್ನು ಒಟ್ಟುಗೂಡಿಸಿ ಮಕ್ಕಳಿಂದ ಮುದುಕರವರೆಗೆ ಅನ್ವಯಿಸುವ ಇನ್ನೊಂದು ಮಾದರಿಯನ್ನು ಮುಂದಿಟ್ಟರು.

ಪಂಪಿನ ಪರದೆ ತೋರಿಸುವ ಅಂಕಿ ಅಳೆದದ್ದಲ್ಲ, ಎಣಿಸಿದ್ದು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ತೂಬಿನ ಬಳಿ ಕುಳಿತವನು ಇಷ್ಟು ಹೊತ್ತು ಇಷ್ಟು ಎತ್ತರಕ್ಕೆ ತೂಬು ಎತ್ತಿದ್ದೇನೆ, ಆದ್ದರಿಂದ ಕೊನೆಯ ಮಡಿಯಲ್ಲಿ ಇಷ್ಟು ನೀರಿದೆ ಎಂದು ಬರೆದುಕೊಳ್ಳುತ್ತಾನೆ. ನಡುವೆ ಕಾಲುವೆ ಒಡೆದಿದ್ದರೆ ಅವನ ಪುಸ್ತಕಕ್ಕೆ ಅದು ತಿಳಿಯದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಹೊಳೆಗೆ ನುಗ್ಗಿದ ನೀರು ಯಾರ ಲೆಕ್ಕದೊಳಗಿನದೂ ಆಗಿರಲಿಲ್ಲ. ಸಿರೆಯಲ್ಲಿರುವ ಸೂಜಿ ಬಟ್ಟೆಯ ಕೆಳಗೆ ಜಾರಿ ಔಷಧ ಹಾಸಿಗೆಗೆ ಹರಿಯುತ್ತಿದ್ದರೂ ತಂತ್ರಾಂಶ ಮಾತ್ರ ಮಿದುಳಿನಲ್ಲಿ 4 ಮೈಕ್ರೋಗ್ರಾಂ ಇದೆಯೆಂದೇ ತೋರಿಸುತ್ತಿರುತ್ತದೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಶಸ್ತ್ರಚಿಕಿತ್ಸೆಯ ನಡುವೆ ಎಚ್ಚರಗೊಂಡ ಪ್ರಸಂಗಗಳನ್ನು ಸಂಗ್ರಹಿಸಿ 2014ರಲ್ಲಿ ಪ್ರಕಟಿಸಿದ ದೊಡ್ಡ ವರದಿಯ ಪ್ರಕಾರ, ರೋಗಿಗಳು ತಾವಾಗಿ ಹೇಳಿಕೊಂಡ ಇಂಥ ಪ್ರಸಂಗಗಳು ಸುಮಾರು 19,000 ಅರಿವಳಿಕೆಗಳಿಗೆ ಒಂದು. ಸ್ನಾಯು ಸಡಿಲಿಸುವ ಔಷಧ ಕೊಟ್ಟಲ್ಲಿ ಸುಮಾರು 8,000ಕ್ಕೆ ಒಂದು. ಕೊಡದಲ್ಲಿ ಸುಮಾರು 1,36,000ಕ್ಕೆ ಒಂದು. ಕೈಯಾಡಿಸಲಾಗದ, ಕೂಗಲಾಗದ ಎಚ್ಚರವೇ ಇಲ್ಲಿನ ಭಯಾನಕ ಸಂಗತಿ. ಸಿರೆಯ ಅರಿವಳಿಕೆಯಲ್ಲಿ ಹೀಗಾದ ಕಡೆಗಳಲ್ಲಿ, ಉದ್ದೇಶಿಸಿದ ಪ್ರಮಾಣ ಮೈಗೆ ತಲುಪದಿದ್ದುದು ಸಾಮಾನ್ಯ ಕಾರಣವಾಗಿತ್ತು.

ಕರ್ನಾಟಕದ ಕೆರೆ ನೀರಾವರಿಯಲ್ಲಿ ನೀರುಗಂಟಿ ಎಂಬ ವೃತ್ತಿಯಿದೆ. ನೀರುಗಂಟಿ ತೂಬಿನ ಬಳಿ ಕುಳಿತು ಲೆಕ್ಕ ಬರೆಯುವವನಲ್ಲ. ತೂಬು ಎತ್ತಿ, ಕಾಲುವೆಯ ಗುಂಟ ನಡೆದು, ಕೊನೆಯ ಗದ್ದೆಯಲ್ಲಿ ಕಾಲಿಟ್ಟು ಹದ ನೋಡಿ, ಮತ್ತೆ ತೂಬಿಗೆ ಮರಳಿ ಅದನ್ನು ತಗ್ಗಿಸುವವನು ಅಥವಾ ಏರಿಸುವವನು. ಹದ ಎಂಬ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಬಿತ್ತನೆಗೆ ನೆಲದ ಹದ, ಆಲೆಮನೆಯಲ್ಲಿ ಪಾಕದ ಹದ, ಮುದ್ದೆಗೆ ಹಿಟ್ಟಿನ ಹದ, ಕುಂಬಾರನಿಗೆ ಮಣ್ಣಿನ ಹದ. ಅಳತೆ ಹಾಕುವ ಪದಾರ್ಥಕ್ಕೆ ಸೇರಿದ್ದು. ಹದ ಹಾಕಿಸಿಕೊಳ್ಳುವ ಪದಾರ್ಥಕ್ಕೆ ಸೇರಿದ್ದು. ಕಬ್ಬು ಬೆಳೆಯುವ ಹೊಸಪೇಟೆ, ಕಂಪ್ಲಿ ಸೀಮೆಯ ಆಲೆಮನೆಯಲ್ಲಿ ಪಾಕ ಇಳಿಸುವವನು ಕೊಪ್ಪರಿಗೆಯಡಿಯ ಉರಿ ಎಷ್ಟು ಹೊತ್ತು ಉರಿಯಿತೆಂದು ಎಣಿಸುವುದಿಲ್ಲ. ಒಂದು ಹನಿಯನ್ನು ನೀರಿಗೆ ಬಿಟ್ಟು ಅದು ಉಂಡೆಗಟ್ಟುವುದನ್ನು ನೋಡುತ್ತಾನೆ. ಗುರಿ ನಿಯಂತ್ರಿತ ಪಂಪು ಅಳತೆಯನ್ನು ಬಲ್ಲದು, ಹದವನ್ನು ಅರಿಯದು. ಹದ ನೋಡುವ ಕೆಲಸ ವೈದ್ಯನ ಕಣ್ಣಿಗೆ, ಕೈಗೆ ಉಳಿದಿರುತ್ತದೆ.

ಹದವನ್ನೂ ಯಂತ್ರವೇ ನೋಡುವಂತೆ ಮಾಡುವ ಯತ್ನ ಈ ಕಂಪ್ಯೂಟರ್ ಪಂಪುಗಳಿಗಿಂತ ಹಳೆಯದು. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಬಿಕ್‌ಫರ್ಡ್ ಎಂಬವರು 1950ರ ಸುಮಾರಿಗೆ ಮಿದುಳಿನ ವಿದ್ಯುತ್ ಅಲೆಗಳ ಏರಿಳಿತದಿಂದಲೇ ಔಷಧದ ಪಂಪು ನಡೆಯುವಂತೆ ಮಾಡಿದ್ದರು. 1990ರ ದಶಕದಲ್ಲಿ ಆ ಅಲೆಗಳನ್ನು ಸೊನ್ನೆಯಿಂದ ನೂರರವರೆಗಿನ ಒಂದು ಸಂಖ್ಯೆಯಾಗಿ ತೋರಿಸುವ ‘ಬಿಸ್’ ಎಂಬ ಸೂಚ್ಯಂಕ ಬಂದಿತು. ಪೂರ್ಣ ಎಚ್ಚರ ನೂರರ ಹತ್ತಿರ. ಶಸ್ತ್ರಚಿಕಿತ್ಸೆಗೆ ತಕ್ಕ ಮಟ್ಟ 40ರಿಂದ 60. ಹಣೆಗೆ ಅಂಟಿಸಿದ ಪಟ್ಟಿಯಿಂದ ಈ ಸಂಖ್ಯೆ ಕಂಪ್ಯೂಟರಿಗೆ ಹೋಗಿ, ಕಂಪ್ಯೂಟರು ಪಂಪಿನ ವೇಗವನ್ನು ಏರಿಸಿ ಇಳಿಸುವ ವ್ಯವಸ್ಥೆಯನ್ನು ಭಾರತದಲ್ಲಿ ರೂಪಿಸಿದವರು ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಜಿ.ಡಿ. ಪುರಿ ಮತ್ತು ಸಂಗಡಿಗರು. ‘ಕ್ಲ್ಯಾಡ್ಸ್’ ಎಂದು ಹೆಸರಾದ ಅದರ ವಿವರ 2007ರಲ್ಲಿ ಪ್ರಕಟವಾಯಿತು. ಸಮುದ್ರಮಟ್ಟದಿಂದ 3,505 ಮೀಟರ್ ಎತ್ತರದ ಲೇಹ್‌ನಲ್ಲಿ ಅದನ್ನು ಬಳಸಿದ ಅನುಭವ 2012ರಲ್ಲಿ, ಭಾರತದ ಹಲವು ಆಸ್ಪತ್ರೆಗಳಲ್ಲಿ ನಡೆದ ತುಲನಾತ್ಮಕ ಪರೀಕ್ಷೆ 2016ರಲ್ಲಿ ಬೆಳಕು ಕಂಡವು. ಸಿದ್ಧಾಂತದ ದೃಷ್ಟಿಯಿಂದ ಇದು ತೂಬಿನ ಲೆಕ್ಕದವನನ್ನು ನೀರುಗಂಟಿಯನ್ನಾಗಿ ಮಾಡುವ ಯತ್ನ. ಆದರೆ ಈ ನೀರುಗಂಟಿಗೂ ಒಂದೇ ಕಣ್ಣು. ಹಣೆಯ ಸ್ನಾಯು ಅದುರಿದರೆ, ಪಕ್ಕದಲ್ಲಿ ವಿದ್ಯುತ್ ಚಾಕು ನಡೆದರೆ ಆ ಸಂಖ್ಯೆ ಕಲಕಿಹೋಗುತ್ತದೆ. ಅಮೆರಿಕದ ಔಷಧ ನಿಯಂತ್ರಕರು 2013ರಲ್ಲಿ ಒಪ್ಪಿಗೆ ಕೊಟ್ಟ ‘ಸೆಡಾಸಿಸ್’ ಎಂಬ ಮಂಪರು ಯಂತ್ರವನ್ನು ಅದರ ತಯಾರಕರು 2016ರಲ್ಲಿ ಮಾರುಕಟ್ಟೆಯಿಂದ ಹಿಂದೆಗೆದರು.

ಯಂತ್ರ ಹದ ನೋಡಲಿ, ಬಿಡಲಿ, ಅದರ ಲೆಕ್ಕ ಆರಂಭವಾಗುವುದು ಕೆಲವು ಖಾನೆಗಳಿಂದ. ಷ್ನೈಡರ್ ಮಾದರಿಯ ಪಂಪು ಕೇಳುವುದು ನಾಲ್ಕನ್ನು: ವಯಸ್ಸು, ತೂಕ, ಎತ್ತರ, ಲಿಂಗ. ಆ ಮಾದರಿಯನ್ನು ಕಟ್ಟಿದ್ದು 24 ಸ್ವಯಂಸೇವಕರ ಮೈಯಿಂದ. ತೀರಾ ಸ್ಥೂಲಕಾಯರಲ್ಲಿ ಅದರೊಳಗಿನ ಮಾಂಸತೂಕದ ಸೂತ್ರ ದಾರಿ ತಪ್ಪುತ್ತದೆ ಎಂಬುದು ತಿಳಿದ ವಿಷಯ. ಪಾಶ್ಚಾತ್ಯ ದತ್ತಾಂಶದಿಂದ ಹುಟ್ಟಿದ ಮಾದರಿಗಳು ಭಾರತೀಯರ ಮೈಗೆ ಎಷ್ಟು ಒಗ್ಗುತ್ತವೆ, ನಮ್ಮದೇ ದತ್ತಾಂಶ ಬೇಡವೇ ಎಂಬ ಪ್ರಶ್ನೆಯನ್ನು ಭಾರತದ ಅರಿವಳಿಕೆ ತಜ್ಞರೇ ಎತ್ತಿದ್ದಾರೆ. ಇನ್ನು ಕುಡಿತದ ಖಾನೆ ಪಂಪಿನಲ್ಲಿ ಇಲ್ಲ. ದೀರ್ಘಕಾಲ ಕುಡಿದವರಿಗೆ ಔಷಧ ಹೆಚ್ಚು ಬೇಕಾಗಬಹುದಾದ್ದರಿಂದ ವೈದ್ಯರು ಬಾಯಿಬಿಟ್ಟು ಕೇಳುತ್ತಾರೆ. ಮಗಳು, ಸೊಸೆ, ಬೀಗರು ಸುತ್ತ ನಿಂತಿರುವಾಗ ‘ಕುಡೀತೀಯೇನಪ್ಪಾ?’ ಎಂದರೆ ‘ಇಲ್ರೀ ಸಾಹೇಬ್ರ’ ಎಂಬ ಉತ್ತರವೇ ಬರುತ್ತದೆ. ಆ ಉತ್ತರವನ್ನು ಬಿಡಿಸಿ ಓದುವುದು ಭಾಷೆಯ, ಮರ್ಯಾದೆಯ ವಿಚಾರ, ಗಣಿತದ್ದಲ್ಲ.

ನಾಲ್ಕು ಖಾನೆಗಳಲ್ಲಿ ತೂಕ, ಎತ್ತರಗಳನ್ನು ಆಸ್ಪತ್ರೆಯಲ್ಲಿಯೇ ಅಳೆಯಬಹುದು. ವಯಸ್ಸನ್ನು ಅಳೆಯಲಾಗದು, ಕೇಳಬೇಕು. ತೊಡಕಿರುವುದು ಇಲ್ಲಿಯೇ. ಈ ಸೀಮೆಯಲ್ಲಿ ಇಂದು ಶಸ್ತ್ರಚಿಕಿತ್ಸೆಗೆ ಬರುವ ಹಿರಿಯರ ತಲೆಮಾರು ಡ್ಯಾಮಿನ ತಲೆಮಾರು. ಅವರ ವಯಸ್ಸು ಕಾಗದದಲ್ಲಿಲ್ಲ, ಕಥನದಲ್ಲಿದೆ. ‘ಡ್ಯಾಮಿಗೆ ಕಲ್ಲು ಹಾಕೋವಾಗ ನಾನು ಕೈಗೂಸು’, ‘ಊರು ಮುಳುಗಿದಾಗ ದನ ಕಾಯೋವಷ್ಟು ಆಗಿದ್ದೆ’ ಎನ್ನುವುದು ಅವರ ಲೆಕ್ಕದ ಬಗೆ. ಗುರುತಿನ ಚೀಟಿಯಲ್ಲಿರುವ ಇಸವಿ ಯಾರೋ ಗುಮಾಸ್ತರು ಮುಖ ನೋಡಿ ಹಾಕಿದ್ದು. ಶಾಲೆಗೆ ಹೋಗಿದ್ದವರಾದರೆ ಮೇಷ್ಟ್ರು ಬರೆದುಕೊಂಡ ಜೂನ್ 1. ಹತ್ತು ವರ್ಷಗಳ ಅಂತರ ಇಂಥ ಕಡೆ ಅಪರೂಪವೇನಲ್ಲ. ಮನೆಯವರು ಇದನ್ನು ತಪ್ಪೆಂದೂ ಎಣಿಸುವುದಿಲ್ಲ. ಪಿಂಚಣಿಗೆ ಒಂದು ವಯಸ್ಸು, ಮನೆಯ ಮಾತಿಗೆ ಇನ್ನೊಂದು.

ಆ ಅಂತರ ಪಂಪಿನಲ್ಲಿ ಏನು ಮಾಡುತ್ತದೆ? ಷ್ನೈಡರ್ ಮಾದರಿಯಲ್ಲಿ ಮೊದಲ ಹೊಂಡದ ಗಾತ್ರ 53ನೆಯ ವಯಸ್ಸಿಗೆ 18.9 ಲೀಟರ್, ಅಲ್ಲಿಂದ ಮುಂದೆ ವರ್ಷಕ್ಕೆ 0.391 ಲೀಟರಿನಂತೆ ಅದು ಕುಗ್ಗುತ್ತದೆ. ಚೀಟಿಯ ಪ್ರಕಾರ 70 ಎಂದರೆ ಹೊಂಡ ಸುಮಾರು 12.3 ಲೀಟರ್. ಆಕೆ ನಿಜಕ್ಕೂ 80ರವರಾದರೆ ಅದು ಸುಮಾರು 8.3 ಲೀಟರ್, ಅಂದರೆ ಮೂರರಲ್ಲಿ ಒಂದು ಪಾಲು ಕಿರಿದು. ಹೊಂಡಕ್ಕೆ ಹೋಗುವ ಕಾಲುವೆಯೂ ವಯಸ್ಸಿನೊಂದಿಗೆ ಕಿರಿದಾಗುತ್ತದೆ. ಹತ್ತು ವರ್ಷ ಕಡಿಮೆ ಬರೆದರೆ ತಂತ್ರಾಂಶ ಇಲ್ಲದ ಹೊಂಡವನ್ನು ತುಂಬಲು ಔಷಧ ಬಿಡುತ್ತದೆ. ಅದು ನಿಲ್ಲುವುದು ಮುದುಕಿಯ ರಕ್ತದಲ್ಲಿ. ಇಳಿವಯಸ್ಸಿನ ಮಿದುಳಿಗೆ ಕಡಿಮೆ ಔಷಧವೇ ಸಾಕಾಗುತ್ತದೆ, ಹೃದಯ ಒತ್ತಡದ ಕುಸಿತವನ್ನು ತಾಳುವ ಶಕ್ತಿಯೂ ಕುಂದಿರುತ್ತದೆ. ಆದ್ದರಿಂದ ತಪ್ಪಿನ ಭಾರ ಎರಡು ಕಡೆಯಿಂದಲೂ ಒಂದೇ ದಿಕ್ಕಿಗೆ ವಾಲುತ್ತದೆ. ಅನುಭವಿ ವೈದ್ಯರು ಅಂಕಿಯನ್ನು ನಂಬಿ ಕೂರದೆ ಗುರಿಯನ್ನು ಕೆಳಗಿನಿಂದ ಮೆಲ್ಲನೆ ಏರಿಸುವುದು ಇದಕ್ಕಾಗಿಯೇ.

ಜಾನಪದ ಕ್ಷೇತ್ರಕಾರ್ಯದಲ್ಲಿ ವಕ್ತೃಗಳ ವಯಸ್ಸನ್ನು ಘಟನೆಗಳಿಂದ ಕಟ್ಟಿಕೊಳ್ಳುವ ಕ್ರಮ ಹಳೆಯದು. ಅದೇ ಕ್ರಮ ಆಸ್ಪತ್ರೆಯ ದಾಖಲೆಗೂ ಒದಗುತ್ತದೆ. ಇದಕ್ಕೆ ಬೇಕಾದ ಗುರುತಿನ ಕಲ್ಲುಗಳು ಈ ಸೀಮೆಯಲ್ಲಿ ಹೇರಳವಾಗಿವೆ. ತುಂಗಭದ್ರಾ ಅಣೆಕಟ್ಟಿಗೆ ಎರಡೂ ದಡಗಳಲ್ಲಿ ಅಡಿಗಲ್ಲು ಬಿದ್ದದ್ದು 1945ರ ಫೆಬ್ರವರಿಯಲ್ಲಿ. ಸಂಡೂರು ಸಂಸ್ಥಾನ ಭಾರತ ಒಕ್ಕೂಟದಲ್ಲಿ ವಿಲೀನವಾದದ್ದು 1949ರಲ್ಲಿ. ಅಣೆಕಟ್ಟಿನ ನೀರು ಕಾಲುವೆಗೆ ಹರಿದದ್ದೂ, ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದೂ 1953ರಲ್ಲಿ. ನಾರಾಯಣದೇವರಕೆರೆ ಹಿನ್ನೀರಿನಲ್ಲಿ ಮುಳುಗಿ ಅಲ್ಲಿನ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದ್ದೂ ಇದೇ ಅವಧಿಯ ಸಂಗತಿ. ‘ಅಜ್ಜಿ, ನಿಮ್ಮ ವಯಸ್ಸೆಷ್ಟು?’ ಎಂದು ಕೇಳಿದರೆ ‘ಏನೋಪ್ಪ, ಅರವತ್ತೋ ಎಪ್ಪತ್ತೋ’ ಎನ್ನುವವರು ‘ಡ್ಯಾಮಿನ ನೀರು ಮೊದಲು ಬಂದಾಗ ಎಷ್ಟು ದೊಡ್ಡಾಕಿ ಇದ್ರಿ?’ ಎಂದರೆ ಕೈಯನ್ನು ನೆಲದಿಂದ ಇಷ್ಟೆತ್ತರಕ್ಕೆ ಹಿಡಿದು ತೋರಿಸುತ್ತಾರೆ.